ಮಡಿಚಿಟ್ಟ ನಾಲ್ಕು ಇಂಚು

ನಮ್ಮ ಮನೆಯಲ್ಲಿ ಜಗಳ ಶುರುವಾಗುವುದು ದಖನಿ ಉರ್ದುವಿನಲ್ಲಿ, ಮುಗಿಯುವುದು ಕನ್ನಡದಲ್ಲಿ. ಪಕ್ಕದ ಮನೆಯ ಬಸವರಾಜೇಶ್ವರಿ ಅಕ್ಕನಿಗೂ ಅರ್ಥವಾಗಬೇಕಲ್ಲ, ಕೊನೆಗೆ ನ್ಯಾಯ ಹೇಳುವವರು ಅವರೇ. ಆದರೆ ಕೊರೊನಾದ ಎರಡನೇ ವರ್ಷ, ಅಕ್ಟೋಬರಿನಲ್ಲಿ ಹತ್ತಿಕೊಂಡ ಜಗಳಕ್ಕೆ ಎರಡು ಭಾಷೆಯೂ ಸಾಲಲಿಲ್ಲ. ಇಪ್ಪತ್ತೈದನೇ ತಾರೀಕಿನಿಂದ ಚಿಕ್ಕ ಮಕ್ಕಳಿಗೂ ಶಾಲೆ, ಕಳಿಸಲು ಮನಸ್ಸಿರುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಿ ಎಂದು ಶಾಲೆಯಿಂದ ಒಂದು ಹಾಳೆ ಬಂತು. ನನ್ನ ಗಂಡ ಮುಸ್ತಕೀಮ್ ಪೆನ್ನು ಹುಡುಕಿದರು. ನಾನು ಹಾಳೆಯನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಹಾಕಿ ಬೀಗ ಜಡಿದೆ.

ಇವರು ಸ್ಕೂಲ್ ವ್ಯಾನ್ ಓಡಿಸುವವರು. ನಮ್ಮ ಜನ್ನಾಪುರದ ಹತ್ತು ಮಕ್ಕಳನ್ನು ತುಂಬಿಕೊಂಡು ಭದ್ರಾವತಿ ಪೇಟೆಯ ಶಾಲೆಗೆ ಬಿಟ್ಟು ಬರುತ್ತಿದ್ದ ಓಮ್ನಿ ನಮ್ಮದು. ಶಾಲೆ ಮುಚ್ಚಿದ ಒಂದೂವರೆ ವರ್ಷದಲ್ಲಿ ಅದು ತರಕಾರಿ ಹೊತ್ತಿತು, ಮೊಟ್ಟೆ ಹೊತ್ತಿತು, ಮೇ ತಿಂಗಳ ಆ ಕೆಟ್ಟ ದಿನಗಳಲ್ಲಿ ಕಾಯಿಲೆಯವರನ್ನು ಶಿವಮೊಗ್ಗದ ಆಸ್ಪತ್ರೆಗೂ ಮುಟ್ಟಿಸಿತು. ಆಮೇಲೆ ಟಾರ್ಪಾಲ್ ಹೊದ್ದು ಮನೆ ಮುಂದೆ ನಿಂತದ್ದು ನಿಂತೇ ಇತ್ತು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತೇನೆ. ಬೀದಿಯ ಅರ್ಧ ಮಕ್ಕಳ ಯೂನಿಫಾರಂ ನನ್ನ ಮೆಷಿನ್ನಿನಿಂದಲೇ ಹೋಗಬೇಕು.

ನಮಗೆ ಒಬ್ಬಳೇ ಮಗಳು, ಅತೀಕಾ. ಶಾಲೆ ಮುಚ್ಚಿದಾಗ ಒಂದನೇ ಕ್ಲಾಸಿನಲ್ಲಿದ್ದಳು, ಈಗ ಮೂರನೆಯದು. ನಡುವಿನ ಎರಡನೇ ಕ್ಲಾಸು ಇಡೀ ನನ್ನ ಫೋನಿನಲ್ಲೇ ಮುಗಿದುಹೋಯಿತು.

"ಅಮ್ಮೀ, ನಾನು ಎರಡನೇ ಕ್ಲಾಸ್ ನೋಡೇ ಇಲ್ಲ. ಆದ್ರೂ ಪಾಸ್ ಮಾಡಿದಾರೆ," ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಬಂದವರ ಹಾಗೆ ಅವಳಿಗೆ ಒಳಗೊಳಗೇ ಅಳುಕು.

ಕಳಿಸೋಣ ಎನ್ನುವುದು ಇವರ ಹಟ. ಬೇಡ ಎನ್ನುವುದು ನನ್ನದು. ಮೇ ತಿಂಗಳಲ್ಲಿ ನಮ್ಮ ಬೀದಿಯೊಂದರಿಂದಲೇ ಮೂರು ಜನ ಹೋದರು. ಅತೀಕಾಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಅವಳು ಒಂದು ಸಲ ಕೆಮ್ಮಿದರೆ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಹೆದರಿಕೆ ಎಂದರೆ ಹೆದರಿಕೆ, ಅದನ್ನು ಮುಚ್ಚಿಡುವುದೇನಿದೆ? ಇವರು ಫೋನ್ ತೆರೆದು, ಮಕ್ಕಳಿಗೆ ಏನೂ ಆಗಲ್ಲ ಎನ್ನುವ ಡಾಕ್ಟರನ್ನು ತೋರಿಸುತ್ತಿದ್ದರು. ನಾನು ನನ್ನ ಫೋನ್ ತೆರೆದು, ಮೂರನೇ ಅಲೆ ಮಕ್ಕಳಿಗೇ ಬರುತ್ತದೆ ಎನ್ನುವ ಡಾಕ್ಟರನ್ನು ತೋರಿಸುತ್ತಿದ್ದೆ. ಇಬ್ಬರು ಡಾಕ್ಟರೂ ನಮ್ಮ ಊಟದ ಹೊತ್ತಿಗೆ ಸರಿಯಾಗಿ ಹಾಜರ್. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಂಡಿತು, ಮಲಗಿತು, ಬೆಳಿಗ್ಗೆ ಎದ್ದು ನಮಗಿಂತ ಮೊದಲು ಚಹಾ ಕುಡಿಯಿತು.

ಬೀದಿಯವರು ಇನ್ನೊಂದು ಗಂಟು ಹಾಕಿದರು. ಒಂದು ಸಂಜೆ ಬಸವರಾಜೇಶ್ವರಿ ಅಕ್ಕ ಕಾಂಪೌಂಡಿಗೆ ಒರಗಿ ಎಲ್ಲರ ಪರವಾಗಿ ತೀರ್ಪು ಕೊಟ್ಟರು.

"ಮುಸ್ತಕೀಮಣ್ಣ, ನಿಮ್ಮ ಮಗಳು ಮೊದಲು ವ್ಯಾನ್ ಹತ್ಲಿ. ಆಮೇಲೆ ನಮ್ಮ ಸ್ಪಂದನಾ ಹತ್ತುತಾಳೆ, ಬೀದಿ ಮಕ್ಕಳೆಲ್ಲ ಹತ್ತುತಾರೆ. ನಿಮ್ಮ ವ್ಯಾನಿಗೆ ನಿಮ್ಮ ಮಗಳೇ ಬರಲ್ಲ ಅಂದ್ರೆ ನಾವು ಹೆಂಗೆ ಕಳ್ಸೋದು ಮಾರಾಯ್ರೇ?"

ಇವರು ನನ್ನ ಮುಖ ನೋಡಿದರು. ನಾನು ಸೂಜಿಗೆ ದಾರ ಪೋಣಿಸಿದೆ.

ತಮಾಷೆಯೆಂದರೆ ಮಾರನೆಯ ದಿನದಿಂದ ಅದೇ ತಾಯಂದಿರು ಒಬ್ಬೊಬ್ಬರಾಗಿ, ಸೆರಗಿನಡಿ ಬಚ್ಚಿಟ್ಟುಕೊಂಡು ಯೂನಿಫಾರಂ ತಂದರು. ಕಳಿಸೋದು ಇನ್ನೂ ಗ್ಯಾರಂಟಿ ಇಲ್ಲ ಫಿರೋಜಾ, ಸುಮ್ಮನೆ ಅಂಚು ಬಿಚ್ಚಿ ಉದ್ದ ಮಾಡಿಡು, ಎನ್ನುವರು. ಎಲ್ಲರಿಗಿಂತ ಮೊದಲು ಬಂದದ್ದು ಬಸವರಾಜೇಶ್ವರಿ ಅಕ್ಕನೇ. ನಾನು ಸುಮ್ಮನಿರಲಾರದೆ, "ಕಳಿಸಬೇಡಿ ಅಕ್ಕ, ಇನ್ನೊಂದು ತಿಂಗಳು ನೋಡಿ," ಎಂದು ಬುದ್ಧಿ ಹೇಳುತ್ತ ಸ್ಪಂದನಾಳ ಸ್ಕರ್ಟಿನ ಅಂಚು ಬಿಚ್ಚುತ್ತಿದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದ್ರೆ ಇದೇ ನೋಡು! ಬೀದಿ ಮಕ್ಕಳಿಗೆಲ್ಲ ರೆಡಿ ಮಾಡ್ತಿದೀಯ, ನಿನ್ನ ಮಗಳದ್ದು ಎಲ್ಲಿ ಮಾರಾಯ್ತಿ?"

ಅತೀಕಾ ಬಾಗಿಲ ಸಂದಿಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಅಕ್ಕ ಹೋದ ಮೇಲೆ ಬೀರುವಿನ ತಳದಿಂದ ತನ್ನ ನೀಲಿ ಸ್ಕರ್ಟ್ ಎಳೆದುಕೊಂಡು ಬಂದಳು.

"ನಂದೂ ಬಿಚ್ಚು ಅಮ್ಮೀ. ಶಾಲೆಗೆ ಹೋಗಲ್ಲ. ಸುಮ್ನೆ ಹಾಕ್ಕೊಂಡು ಮನೇಲೇ ಕೂರ್ತೀನಿ."

ಅಪ್ಪನ ಮಗಳು, ಮಾತಿನಲ್ಲಿ ಕಿಲಾಡಿ. ಆಗಲಿ ಎಂದು ತೊಡಿಸಿ, ಸ್ಟೂಲಿನ ಮೇಲೆ ನಿಲ್ಲಿಸಿದೆ. ಒಂದನೇ ಕ್ಲಾಸಿಗೆ ಸೇರಿಸಿದಾಗ ನಾನೇ ಹೊಲಿದಿದ್ದ ಸ್ಕರ್ಟ್ ಅದು. ಬೆಳೆಯುವ ಮಗು ಎಂದು ಅಂಚಿನಲ್ಲಿ ನಾಲ್ಕು ಇಂಚು ಒಳಗೆ ಮಡಿಚಿಟ್ಟಿದ್ದೆ. ವರ್ಷಕ್ಕೊಂದು ಇಂಚು ಬಿಚ್ಚಿದರೂ ಐದನೇ ಕ್ಲಾಸಿನ ತನಕ ಚಿಂತೆಯಿಲ್ಲ. ಬ್ಲೇಡ್ ತೆಗೆದುಕೊಂಡು ಒಂದು ಇಂಚು ಬಿಚ್ಚಿದೆ. ಮಂಡಿ ಎಲ್ಲೋ, ಬಟ್ಟೆ ಎಲ್ಲೋ. ಇನ್ನೊಂದು ಬಿಚ್ಚಿದೆ, ಮತ್ತೊಂದು ಬಿಚ್ಚಿದೆ. ನಾಲ್ಕೂ ಬಿಚ್ಚಿ ನೋಡಿದರೆ ಮಂಡಿ ಇನ್ನೂ ಹೊರಗೇ ಇದೆ. ಮೇಲಿನ ಬಟ್ಟೆ ಮಾಸಿತ್ತು. ಮಡಿಕೆಯೊಳಗಿದ್ದ ನಾಲ್ಕು ಇಂಚು ಮಾತ್ರ ಅಂಗಡಿಯಿಂದ ಇವತ್ತೇ ತಂದ ಹಾಗೆ ಗಾಢ ನೀಲಿ.

ನಾನು ಶಾಲೆಗೆಂದು ಮಡಿಚಿಟ್ಟಿದ್ದ ಬೆಳವಣಿಗೆಯನ್ನೆಲ್ಲ ನನ್ನ ಮಗಳು ಅಡುಗೆಮನೆಗೂ ಹಾಲಿಗೂ ನಡುವೆ ಓಡಾಡಿ ಮುಗಿಸಿಬಿಟ್ಟಿದ್ದಳು. ಒಂದು ಸಲವೂ ಶಾಲೆಯ ಅಂಗಳದಲ್ಲಿ ಸಾಲು ನಿಲ್ಲದೆ, ಯಾರ ಜೊತೆಯೂ ಟಿಫಿನ್ ಹಂಚದೆ. ನನಗೆ ಅಳು ಬಂತು. ಅವಳ ಮಂಡಿಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅತ್ತೆ. ಅವಳಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು.

ಮಧ್ಯಾಹ್ನ ಇವರು ಊಟಕ್ಕೆ ಕೂತಾಗ ಡ್ರಾಯರಿನ ಬೀಗ ತೆಗೆದು, ಒಪ್ಪಿಗೆ ಪತ್ರವನ್ನು ತಟ್ಟೆಯ ಪಕ್ಕ ಇಟ್ಟೆ.

"ಹಾಕಿ ಸಹಿ. ಕಳ್ಸೋಣ."

ಇವರು ಹಾಳೆ ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು.

"ಬೇಡ ಬಿಡು. ಇನ್ನೊಂದು ತಿಂಗಳು ನೋಡೋಣ," ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಹತ್ತು ದಿನದಿಂದ ನನ್ನ ತಲೆ ತಿಂದಿದ್ದು ಯಾಕೆ ಹಾಗಾದ್ರೆ? ಕಳ್ಸೋಣ ಕಳ್ಸೋಣ ಅಂತ ಬಾಯಿ ಬಡ್ಕೊಂಡಿದ್ದು ಯಾರು? ಪಕ್ಕದ ಮನೆಯೋರಾ?"

ಅವರು ಕೈ ತೊಳೆದು ಹೊರಗೆ ಹೋದರು. ಬೆನ್ನ ಹಿಂದೆಯೇ ಬೈಯುತ್ತ ನಾನೂ ಹೋದೆ. ಟಾರ್ಪಾಲ್ ಸರಿಸಿ, ವ್ಯಾನಿನ ಬಾಗಿಲೆಳೆದು, ನಡುವಿನ ಸೀಟಿನ ಕಿಟಕಿ ಪಕ್ಕದ ಜಾಗ ತೋರಿಸಿದರು. ಅದು ಅತೀಕಾ ಯಾವಾಗಲೂ ಕೂರುತ್ತಿದ್ದ ಜಾಗ.

"ಗಂಗಾಧರಪ್ಪನವರು ಆಸ್ಪತ್ರೇಲಿ ಹೋದ್ರು ಅಂತ ಎಲ್ಲರಿಗೂ ಹೇಳಿದ್ದೆ. ಅಲ್ಲ, ಇಲ್ಲೇ ಹೋಗಿದ್ದು. ಹತ್ತೋವಾಗ, ಮಕ್ಕಳ ಸೀಟಲ್ಲಿ ನನ್ನ ಕೂರಿಸ್ತೀಯೇನೋ ಅಂತ ನಗಾಡಿದ್ರು. ಶಿವಮೊಗ್ಗ ಮುಟ್ಟೋವಾಗ ಮಾತಿರ್ಲಿಲ್ಲ." ಇವರು ಸೀಟಿನ ಅಂಚನ್ನು ಅಂಗೈಯಿಂದ ಒರೆಸಿದರು. "ಇಪ್ಪತ್ತು ಸಲ ತೊಳ್ದಿದೀನಿ ಫಿರೋಜಾ. ಅಲ್ಲಿ ನನ್ನ ಮಗಳನ್ನ ಕೂರ್ಸೋಕೆ ಕೈ ಬರಲ್ಲ."

ಗಂಗಾಧರಪ್ಪ ಹಿಂದಿನ ಬೀದಿಯ ಹಿರಿಯರು. ಅವರ ಜೇಬಿನಲ್ಲಿ ಮಕ್ಕಳಿಗೆಂದು ಪೆಪ್ಪರ್ಮಿಂಟ್ ಇಲ್ಲದ ದಿನವಿರಲಿಲ್ಲ. ಐದು ತಿಂಗಳು ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಓಡಾಡಿದ್ದರು.

"ಮತ್ತೆ ಕಳ್ಸೋಣ ಅಂತ ಯಾಕೆ ಹಟ ಮಾಡಿದ್ರಿ?"

"ನೀನು ಬೇಡ ಅಂತಿದ್ಯಲ್ಲ," ಎಂದರು. "ಆ ಧೈರ್ಯದ ಮೇಲೆ ಹೇಳ್ತಿದ್ದೆ."

ಏನು ಹೇಳಲಿ ಈ ಗಂಡಿಗೆ! ಅಳಬೇಕೆಂದುಕೊಂಡವಳಿಗೆ ನಗು ಬಂತು. ನನ್ನ ನಗು ನೋಡಿ ಅವರಿಗೂ ಬಂತು. ಟಾರ್ಪಾಲ್ ಹಿಡಿದುಕೊಂಡು ಇಬ್ಬರೂ ಕಣ್ಣೊರೆಸಿಕೊಂಡೆವು. ಕಾಂಪೌಂಡಿನ ಆಚೆ ಬಸವರಾಜೇಶ್ವರಿ ಅಕ್ಕ ಇಣುಕಿ ನೋಡಿ, ಜಗಳವೋ ಸರಸವೋ ತಿಳಿಯದೆ ಒಳಗೆ ಹೋದರು.

"ಸೀಟು ಕಿತ್ತು ಹೊರಗೆ ಇಡಿ," ಎಂದೆ. "ಹೊಲಿಯೋಳು ನಾನಿದೀನಲ್ಲ."

ಶನಿವಾರ ಬೆಳಿಗ್ಗೆ ಮೂವರೂ ಶಿವಮೊಗ್ಗದ ಬಸ್ ಹತ್ತಿದೆವು. ಸವಳಂಗ ರಸ್ತೆಯ ಸೀಟ್ ಕವರ್ ಅಂಗಡಿಯಲ್ಲಿ ರೆಕ್ಸಿನ್ ಆರಿಸುವಾಗ ಹೊಸ ಜಗಳ. ಇವರಿಗೆ ಕಪ್ಪು ಬೇಕು, ಕೊಳೆ ಕಾಣುವುದಿಲ್ಲ. ನನಗೆ ಕಂದು. ಅಂಗಡಿಯವನು ಮಾಸ್ಕ್ ಕೆಳಗಿಳಿಸಿ ಬೆವರು ಒರೆಸಿಕೊಂಡ. ಅಷ್ಟರಲ್ಲಿ ಅತೀಕಾ ಮೂಲೆಯಲ್ಲಿದ್ದ ಒಂದು ಸುರುಳಿಯನ್ನು ತಬ್ಬಿಕೊಂಡು ನಿಂತಿದ್ದಳು. ಹಣ್ಣಾದ ರಸಪುರಿ ಮಾವಿನ ಬಣ್ಣ.

"ಒಂದೇ ದಿನಕ್ಕೆ ಕೊಳೆ ಆಗತ್ತೆ ಕಣಮ್ಮ," ಎಂದರು ಇವರು.

"ಆಗ್ಲಿ ಅಬ್ಬಾ. ಮಕ್ಕಳು ಬಂದಿದ್ರು ಅಂತ ಗೊತ್ತಾಗತ್ತೆ," ಎಂದು ಅಪ್ಪನಿಗೇ ತಿರುಗಿ ಹೇಳಿದಳು.

ಅದನ್ನೇ ತಂದೆವು. ಗಾಂಧಿ ಬಜಾರಿನಲ್ಲಿ ಹೊಸ ಯೂನಿಫಾರಂ ಬಟ್ಟೆಯನ್ನೂ ತೆಗೆದುಕೊಂಡೆ. ಭಾನುವಾರ ಇಡೀ ಹೊಲಿದೆ. ರೆಕ್ಸಿನ್ ಎಂದರೆ ಸುಮ್ಮನೆಯೇ? ಐದು ಸೂಜಿ ಮುರಿದವು. ಇವರು ರೆಕ್ಸಿನ್ ಎಳೆದು ಹಿಡಿದರು, ಅತೀಕಾ ದಾರ ಕತ್ತರಿಸಿದಳು. ಸಂಜೆ ಸೀಟುಗಳನ್ನು ಮತ್ತೆ ಕೂರಿಸಿದಾಗ ವ್ಯಾನಿನೊಳಗೆ ದೀಪ ಹಚ್ಚಿದ ಹಾಗಾಯಿತು. ಬೀದಿಯ ಮಕ್ಕಳು ಮುತ್ತಿಕೊಂಡು ಗಾಜಿಗೆ ಮೂಗು ಒತ್ತಿದರು. ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿಗೆ ಜಾಗವಿತ್ತು. ಆಮೇಲೆ ಯಾರೂ ಮಾತು ತಿರುಗಿಸಬಾರದೆಂದು ಅಷ್ಟರಲ್ಲೇ ಇಬ್ಬರೂ ಹಾಕಿದೆವು.

ಸೋಮವಾರ ಅತೀಕಾ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕ ಕೂತಳು. ಅಕ್ಕ ಕೊಟ್ಟ ಮಾತಿನಂತೆ ಸ್ಪಂದನಾಳನ್ನು ಹತ್ತಿಸಿದರು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಬಂದರು. ಆದರೆ ಹತ್ತು ಮಕ್ಕಳು ಹಿಡಿಯುತ್ತಿದ್ದ ವ್ಯಾನಿನಲ್ಲಿ ಏಳಕ್ಕೇ ಜಾಗ ಮುಗಿಯಿತು. ಎಲ್ಲರ ಕಾಲೂ ಉದ್ದವಾಗಿತ್ತು. ಇವರು ಬೈಯುವ ಬದಲು ನಕ್ಕು, "ಎರಡು ಟ್ರಿಪ್ ಹೊಡಿತೀನಿ ಬಿಡಿ!" ಎಂದರು. ಅತೀಕಾ ಹಿಂತಿರುಗಿ ನೋಡುತ್ತಾಳೆಂದು ನಾನು ಕೈ ಎತ್ತಿಕೊಂಡೇ ನಿಂತಿದ್ದೆ. ಅವಳು ಸ್ಪಂದನಾಳ ಕಿವಿಯಲ್ಲಿ ಏನೋ ಹೇಳುತ್ತ ಹೋಗಿಯೇಬಿಟ್ಟಳು.

ಮೊದಲ ವಾರ ಅರ್ಧ ದಿನವೇ ಶಾಲೆ. ಆ ಅರ್ಧ ದಿನದಲ್ಲಿ ನಾನು ಒಂದು ಬ್ಲೌಸಿನ ತೋಳನ್ನು ಮೂರು ಸಲ ತಪ್ಪು ಹೊಲಿದು ಬಿಚ್ಚಿದೆ. ವ್ಯಾನ್ ಬಂದ ಸದ್ದಿಗೆ ಬರಿಗಾಲಲ್ಲೇ ಓಡಿದೆ. ಅತೀಕಾ ಮಾಸ್ಕ್ ಕೈಗೆ ಸುತ್ತಿಕೊಂಡು ಹಾರಿ ಇಳಿದಳು.

"ಅಮ್ಮೀ, ಎರಡನೇ ಕ್ಲಾಸ್ ನೋಡಿದೆ! ಆಟಕ್ಕೆ ಬಿಟ್ಟಾಗ ಒಳಗೆ ಹೋಗಿ ಬೆಂಚಲ್ಲಿ ಕೂತ್ಕೊಂಡೆ. ಟೀಚರ್ ಬಂದು, ಮೂರನೇ ಕ್ಲಾಸಿನೋಳು ಇಲ್ಲೇನಮ್ಮಾ ಅಂದ್ರು. ಬಾಕಿ ಇತ್ತು ಟೀಚರ್ ಅಂದೆ."

"ಆಮೇಲೆ?"

"ಆಮೇಲೆ ಸ್ಪಂದನಾನೂ ಬಂದು ಕೂತಳು. ಅವಳದ್ದೂ ಬಾಕಿ ಇತ್ತಲ್ಲ. ನಮ್ಮ ಕ್ಲಾಸಿನೋರೆಲ್ಲ ಬಂದ್ರು. ಟೀಚರ್ ನಗಾಡ್ಕೊಂಡು ಎಲ್ಲರ ಹೆಸರೂ ಕೂಗಿದ್ರು. ನಾನು ಜೋರಾಗಿ ಹಾಜರ್ ಅಂದೆ ಅಮ್ಮೀ. ಈಗ ನಾನು ನಿಜವಾಗ್ಲೂ ಪಾಸ್."

ಮುಸ್ತಕೀಮ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದರು. ನಾನು ಮಗಳನ್ನು ಎತ್ತಿಕೊಳ್ಳಲು ಹೋದೆ, ಆಗಲಿಲ್ಲ, ಅಷ್ಟು ಭಾರವಾಗಿದ್ದಳು. ಹಾಗೇ ಕೂತು ತಬ್ಬಿಕೊಂಡೆ. ಅವಳ ಹೊಸ ಸ್ಕರ್ಟಿನ ಅಂಚು ನನ್ನ ಕೈಗೆ ದಪ್ಪಗೆ ಸಿಕ್ಕಿತು. ಈ ಸಲ ಆರು ಇಂಚು ಮಡಿಚಿಟ್ಟಿದ್ದೇನೆ.