ಮುಚ್ಚಿದ ಟ್ಯಾಂಕಿನ ಚಹಾ

ನಲವತ್ತಾರನೇ ಗಂಟೆಯ ಹೊತ್ತಿಗೆ ತನ್ನ ನಾತ ಯಾವುದು, ಉಳಿದವರ ನಾತ ಯಾವುದು ಎಂಬುದೇ ಟ್ರಾಂಟರ್‌ಗೆ ತಿಳಿಯದಂತಾಗಿತ್ತು. ಜರ್ಮನಿಯ ಸೋಲ್ಟೌ ಬಯಲಲ್ಲಿ ಬ್ರಿಟಿಷ್ ಸೇನೆಯ ಅವರ ಚೀಫ್ಟನ್ ಟ್ಯಾಂಕು ಎರಡು ದಿನದಿಂದ ಮುಚ್ಚಳ ಬಿಗಿದುಕೊಂಡು ನಿಂತಿತ್ತು. ರಷ್ಯದವರು ವಿಷಗಾಳಿ ಬಿಟ್ಟರೆ ಬದುಕುವುದು ಹೇಗೆ ಎಂಬ ಅಭ್ಯಾಸವಂತೆ. ವಿಷಗಾಳಿಯನ್ನೇನೋ ಒಳಗಿದ್ದ ನಾಲ್ವರೇ ತಯಾರಿಸುತ್ತಿದ್ದರು. ಎಲ್ಲ ವಿಸರ್ಜನೆಯೂ ಪ್ಲಾಸ್ಟಿಕ್ ಚೀಲದಲ್ಲಿ. ನಿನ್ನೆ ಒಂದು ಚೀಲ ಒಡೆದು ಸೋರಿತ್ತು, ಸೋರಿದ್ದು ಕೆಳಕ್ಕೆ, ಅಂದರೆ ಟ್ಯಾಂಕಿನ ತಿರುಗುವ ಗೋಪುರದ ತಳದಲ್ಲಿ ಕೂತು ಫಿರಂಗಿ ಹಾರಿಸುವ ಗನ್ನರ್ ಟ್ರಾಂಟರನ ಬೂಟಿನೊಳಕ್ಕೆ.

ಆದರೂ ಅವನು ಹಲ್ಲು ಕಚ್ಚಿ ಕೂತಿದ್ದ. ನಲವತ್ತೆಂಟು ಗಂಟೆ ಮುಚ್ಚಳ ತೆರೆಯದವರಿಗೆ ಐದು ದಿನ ರಜೆ ಎಂದು ಮೇಜರ್ ಹೇಳಿದ್ದ. ಇಂಗ್ಲೆಂಡಿನ ಬಾರ್ನ್ಸ್ಲಿಯಲ್ಲಿ ಹೆಂಡತಿ ಗ್ಲೆನಿಸ್‌ಗೆ ದಿನ ತುಂಬಿತ್ತು. ಮೊದಲ ಹೆರಿಗೆಯ ಸಮಯದಲ್ಲೂ ಅವನು ಇದೇ ಬಯಲಲ್ಲಿದ್ದ. ಆ ಕೂಸು ಆರು ದಿನ ಬದುಕಿತ್ತು. ಅದರ ಮುಖವನ್ನೂ ಅವನು ನೋಡಲಿಲ್ಲ.

"ಟೀ ರೆಡಿ, ಮಹಾರಾಜರೇ," ಎಂದ ಲೋಮಾಸ್.

ಗುಂಡು ತುಂಬುವವನೇ ಚಹಾ ಕಾಸಬೇಕು, ಅದು ಟ್ಯಾಂಕಿನ ಪದ್ಧತಿ. ಗೋಡೆಗೆ ಕಚ್ಚಿಸಿದ ಕರೆಂಟಿನ ಪಾತ್ರೆಯಲ್ಲಿ ಊಟದ ಡಬ್ಬಿಗಳನ್ನು ಕುದಿಸಿ, ಅದೇ ನೀರಿಗೆ ಚಹಾಪುಡಿ ಸುರಿಯುತ್ತಿದ್ದರು. ಅದನ್ನು ಯಾರೂ ಅಸಹ್ಯ ಅಂದುಕೊಂಡಿರಲಿಲ್ಲ.

ಮೇಲಿನ ಸೀಟಿನಲ್ಲಿದ್ದ ಸಾರ್ಜೆಂಟ್ ಹೆಬ್ಡನ್ ಒಂದು ಗುಟುಕು ಕುಡಿದವನು ನಾಲಗೆಯಿಂದ ಉದ್ದದ ಉಣ್ಣೆ ಎಳೆಯೊಂದನ್ನು ಎಳೆದು ತೆಗೆದ.

"ಏನೋ ಇದು, ಲೋಮಾಸ್?"

"ಅದು... ಒದ್ದೆ ಆಗಿತ್ತು ಸಾರ್ಜೆಂಟ್. ಬೆಳಿಗ್ಗೆ ಒಂದ್ಸಲ ಕುದಿಸ್ಕೊಂಡೆ ಅಷ್ಟೇ."

"ಏನನ್ನ?"

"ಕಾಲುಚೀಲ."

"ನೀರು ಬದಲಾಯಿಸ್ಲಿಲ್ವಾ?"

"ನೀರು ಕಮ್ಮಿ ಇತ್ತಲ್ಲ. ನೀವೇ ಉಳಿಸು ಅಂದ್ರಿ."

ಮುಂದುಗಡೆ ಒಬ್ಬನೇ ಅಂಗಾತ ಬಿದ್ದಿದ್ದ ಡ್ರೈವರ್ ಗಾರ್ಸೈಡ್‌ನ ದನಿ ಹೆಡ್‌ಫೋನಿನಿಂದ ಎಲ್ಲರ ಕಿವಿಯೊಳಗೆ ಕಿರುಚಿತು. "ಸದ್ಯ, ನಂಗಿನ್ನೂ ಕೊಟ್ಟಿಲ್ಲ! ಹಂದಿ ನನ್ಮಗನೇ!"

ಹೆಬ್ಡನ್‌ನ ಮುಖ ಹಳದಿಗಟ್ಟಿತು. "ಸಾಕು. ರಷ್ಯದವ್ರು ಬಂದ್ರೆ ಬರ್ಲಿ." ಅವನ ಕೈ ಮುಚ್ಚಳದ ಹಿಡಿಗೆ ಹೋಯಿತು.

ಟ್ರಾಂಟರ್ ಅವನ ಮೊಣಕಾಲು ಹಿಡಿದುಕೊಂಡ. "ಎರಡೇ ಗಂಟೆ, ಸಾರ್ಜೆಂಟ್. ಗ್ಲೆನಿಸ್ ಒಬ್ಳೇ ಇದಾಳೆ."

"ಇದನ್ನ ಕುಡಿದೋನು ಎರಡು ನಿಮಿಷಾನೂ ಇಲ್ಲಿರಕ್ಕಾಗಲ್ಲ ಕಣೋ!"

"ನಾನು ಕುಡಿದು ತೋರಿಸಿದ್ರೆ?"

ಉತ್ತರಕ್ಕೆ ಕಾಯದೆ ಮಗ್ಗು ಕಸಿದು ಎತ್ತಿದ. ಹಾಲು, ಸಕ್ಕರೆ, ಉಣ್ಣೆ, ಲೋಮಾಸನ ಕಾಲ್ಬೆರಳಿನ ಬೆವರು ಒಂದೊಂದೂ ಬೇರೆಬೇರೆಯಾಗಿ ಗಂಟಲಲ್ಲಿ ಇಳಿದವು. ತಳದ ಲೋಳೆಯನ್ನೂ ಬಿಡಲಿಲ್ಲ.

"ಚೆನ್ನಾಗೇ ಇದೆ. ಸಕ್ಕರೆ ಒಂಚೂರು ಕಮ್ಮಿ."

ಹೆಬ್ಡನ್ ಹಿಡಿಯಿಂದ ಕೈ ತೆಗೆದ. "ಥೂ, ನೀನು ಮನುಷ್ಯನೇ ಅಲ್ಲ ಬಿಡು."

ಎರಡು ಗಂಟೆ ಕಳೆದ ಮೇಲೆ ತಪಾಸಣೆಯ ಕ್ಯಾಪ್ಟನ್ ಮುಚ್ಚಳ ತೆರೆಸಿದ, ಬಗ್ಗಿದ, ಹಾಗೇ ಹಿಂದಕ್ಕೆ ಹಾರಿದ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ರಜೆ ಚೀಟಿ ಬರೆಯಲು ನಿಂತ. ಟ್ರಾಂಟರ್ ಎದುರಿಗೆ ಸೆಟೆದು ನಿಂತ. ಚಹಾ ಹಲ್ಲಿನವರೆಗೂ ಬಂದಿತ್ತು. ಕಾಯಿಲೆ ಬಿದ್ದವರಿಗೆ ರಜೆಯಿಲ್ಲ, ಆಸ್ಪತ್ರೆಯ ಡೇರೆಯೇ ಗತಿ.

"ಮುಖ ಯಾಕೆ ಹಸಿರಾಗಿದೆ? ಹುಷಾರಿದ್ದೀಯಾ?"

ಬಾಯಿ ತೆರೆಯುವಂತಿರಲಿಲ್ಲ. ಬಂದದ್ದನ್ನು ಮತ್ತೆ ನುಂಗಿ ಹೌದೆಂದು ತಲೆಯಾಡಿಸಿದ. ಕ್ಯಾಪ್ಟನ್ ಸಹಿ ಹಾಕಿ ಚೀಟಿಯನ್ನು ಎರಡೇ ಬೆರಳಲ್ಲಿ ಚಾಚಿದ. ಟ್ರಾಂಟರ್ ಸೆಲ್ಯೂಟ್ ಹೊಡೆದು, ಓಡದೆ, ನಡೆದೇ ಟ್ಯಾಂಕಿನ ಹಿಂದಕ್ಕೆ ಹೋದ. ಅಲ್ಲಿ ಮಂಡಿಯೂರಿ ಹೊಟ್ಟೆಯೊಳಗಿದ್ದುದನ್ನೆಲ್ಲ ಕಕ್ಕಿದ. ಒಂದು ಹನಿಯೂ ಸಿಡಿಯದಿರಲೆಂದು ಚೀಟಿ ಹಿಡಿದ ಕೈಯನ್ನು ಮಾತ್ರ ಆಕಾಶಕ್ಕೆತ್ತಿಕೊಂಡಿದ್ದ.