ಬನ್ನಿಗೊಂದು ಬ್ರೆಡ್ಡು

ಲಟ್ಟಣಿಗೆ ಅಣ್ಣನ ಬಾಯಿಗೆ ಬಡಿದಾಗ ಬಂದ ಸದ್ದು ಗಟ್ಟಿ ರಸ್ಕು ಕಡಿದ ಹಾಗಿತ್ತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ನೆಲಕ್ಕೆ ಬಿತ್ತು, ಇನ್ನೊಂದು ಹಾರಿ ಕಲಸಿಟ್ಟ ಬನ್ನಿನ ಹಿಟ್ಟಿನೊಳಗೆ ಹೂತುಹೋಯಿತು. ಮೇಲೆ ತೊಟ್ಟಿಕ್ಕಿದ ರಕ್ತ ಥೇಟ್ ಜಾಮಿನ ಹಾಗೆ ಕಂಡಿತು.

“ಬೊಗಳು! ನನ್ನ ಮಗಳ ಬ್ರೆಡ್ಡಿಗೆ ಮೈದಾ ಬೆರೆಸಿದ್ದು ನೀನೇ ತಾನೆ?” ತಮ್ಮ ಮತ್ತೆ ಲಟ್ಟಣಿಗೆ ಎತ್ತಿದ.

“ಥತ್ಯವಾಗ್ಲೂ ನಾನಲ್ಲ ಕಣೋ!”

ಹಲ್ಲಿಲ್ಲದ ಬಾಯಲ್ಲಿ ಸತ್ಯಕ್ಕೂ ಕಾಲು ನಿಲ್ಲುವುದಿಲ್ಲ. ತಮ್ಮ ನಂಬಲಿಲ್ಲ. ಕುತ್ತಿಗೆಪಟ್ಟಿ ಹಿಡಿದು ಅಣ್ಣನನ್ನು ಚೀಲಗಳ ಮೇಲೆ ಕೆಡವಿದ. ಚೀಲ ಒಡೆದು ಮೈದಾ ಎದ್ದಿತು. ಇಬ್ಬರೂ ಬೆಳ್ಳಗಾಗಿ ಒಬ್ಬರ ಗಂಟಲು ಒಬ್ಬರು ಹಿಸುಕುತ್ತ ಉರುಳಾಡಿದರು. ಅಣ್ಣ ಕೈಗೆ ಸಿಕ್ಕ ಬ್ರೆಡ್ಡಿನ ಅಚ್ಚು ಎತ್ತಿ ತಮ್ಮನ ಕಿವಿಯ ಮೇಲೆ ಬಾರಿಸಿದ. ಅದು ಗಂಟೆಯ ಹಾಗೆ ಮೊಳಗಿತು.

ಬೇಕರಿ ಇಬ್ಬರದೂ. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ, ತಮ್ಮ ಭಟ್ಟಿಯ ಮುಂದೆ. ಮಾತು ಅಣ್ಣನದು, ಹಿಟ್ಟು ತಮ್ಮನದು. ಜಗಳಕ್ಕೆ ಕಾರಣವಾದವಳು ತಮ್ಮನ ನಾಲ್ಕು ವರ್ಷದ ಮಗಳು. ಹುಟ್ಟಿದಾಗ ಉಬ್ಬಿದ ಬನ್ನಿನ ಹಾಗಿದ್ದಳೆಂದು ಎಲ್ಲರೂ ಅವಳನ್ನು ಬನ್ನಿ ಎಂದೇ ಕರೆಯುತ್ತಿದ್ದರು. ತಮ್ಮ ಒಳಗಿನಿಂದ “ಬನ್ನಿ! ಬನ್ನಿ!” ಎಂದು ಕೂಗಿದರೆ ದಾರಿಯಲ್ಲಿ ಹೋಗುವವರು ಅಂಗಡಿಗೆ ನುಗ್ಗುತ್ತಿದ್ದರು. ವ್ಯಾಪಾರಕ್ಕೆ ಅದೂ ಒಂದು ಅನುಕೂಲವೇ ಆಗಿತ್ತು.

ಆ ಬನ್ನಿ ಈಗ ಒಣಗಿ ಬೆಂಕಿಕಡ್ಡಿಯಾಗಿದ್ದಳು. ಹೊಟ್ಟೆ ಮಾತ್ರ ತಮಟೆ. ತಿಂದದ್ದು ಮೇಲಕ್ಕೋ ಕೆಳಕ್ಕೋ ಹೋಗುತ್ತಿತ್ತೇ ಹೊರತು ಮೈಗೆ ಹತ್ತುತ್ತಿರಲಿಲ್ಲ. ಮೂಗಿನಿಂದಲೇ ಮಾತಾಡುವ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, “ಹ್ಞೂಂ... ಗ್ಲೂಟೆನ್ನು. ಗೋಧಿಯಲ್ಲಿರುವ ಅಂಟು. ಮಗುವಿನ ಕರುಳಿಗೆ ಅದೇ ವಿಷ. ಒಂದು ಚೂರೂ... ಹ್ಞೂಂ... ಒಂದೇ ಒಂದು ಚೂರೂ ಕೂಡದು” ಎಂದಿದ್ದರು.

“ಗ್ಲೂಟೆನ್ನಂತೆ! ಅದರ ಗುಟ್ಟೇನೋ!” ಎಂದು ಅಣ್ಣ ನಕ್ಕಿದ್ದ. ಆಮೇಲೆ ದನಿ ತಗ್ಗಿಸಿ, “ಬೇಕರಿಯವರ ಮಗೂಗೇ ಬ್ರೆಡ್ಡು ವಿಷ ಅಂತ ಊರಿಗೆ ಗೊತ್ತಾದ್ರೆ ನಾಳೆಯಿಂದ ನೊಣ ಹೊಡೀಬೇಕಾಗುತ್ತೆ ಕಣೋ. ಬಾಯಿ ಮುಚ್ಕೊಂಡಿರು” ಎಂದಿದ್ದ. ಆ ಮಾತು ತಮ್ಮನ ಎದೆಯಲ್ಲಿ ಮೊಳೆಯಂತೆ ಕೂತುಬಿಟ್ಟಿತ್ತು.

ಬನ್ನಿಗೆ ಬ್ರೆಡ್ಡು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಹೀಗಾಗಿ ತಮ್ಮ ಅಕ್ಕಿ ಹಿಟ್ಟಿನಲ್ಲಿ ಬ್ರೆಡ್ಡು ಮಾಡಲು ಹೊರಟ. ಹಿಟ್ಟು ಹಾಕಿದರೆ ಇಟ್ಟಿಗೆ ಬಂತು. ಸಿಟ್ಟಿಗೆ ಅದನ್ನು ಎಸೆದಾಗ ಕಿಟಕಿಯ ಗಾಜು ಒಡೆಯಿತು, ಬ್ರೆಡ್ಡಿಗೆ ಏನೂ ಆಗಲಿಲ್ಲ. ಮಲಬದ್ಧತೆಯವರು ನೀರಿಗೆ ಹಾಕಿಕೊಂಡು ಕುಡಿಯುವ ಇಸಬ್‌ಗೋಲ್ ಹೊಟ್ಟನ್ನು ಬೆರೆಸಿ ನೋಡಿದ. ಹೊಟ್ಟು ಹಿಟ್ಟನ್ನು ಹಿಡಿದುಕೊಂಡಿತು, ಬ್ರೆಡ್ಡು ಉಬ್ಬಿತು. ಬನ್ನಿ ಕಚ್ಚಿ, “ಅಪ್ಪಾ, ಮೆತ್ತಗಿದೆ!” ಎಂದಳು. ಅಂದು ಅವನು ಭಟ್ಟಿಯ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಆದರೂ ಹೊಟ್ಟೆ ಇಳಿಯಲಿಲ್ಲ. ವಾಂತಿ ನಿಲ್ಲಲಿಲ್ಲ.

ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಮೊದಲು ಪಕ್ಕದ ಮನೆಯ ದರ್ಜಿ ಸಿಕ್ಕ. ಮಗುವಿಗೆ ಬಿಸ್ಕತ್ತು ಕೊಟ್ಟಿರಬಹುದೆಂಬ ಗುಮಾನಿಯ ಮೇಲೆ ಅವನ ಹೊಲಿಗೆ ಯಂತ್ರ ಬೀದಿಗೆ ಬಿತ್ತು, ಅದರ ಹಿಂದೆಯೇ ದರ್ಜಿಯೂ ಬಿದ್ದ. ಆಮೇಲೆ ಹೆಂಡತಿಯ ತಾಯಿ. ಮುದುಕಿಗೆ ಕೈ ಮಾಡಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದಸ್ಥ. ಪೆಟ್ಟಿಗೆಯನ್ನು ಮಾತ್ರ ಮೆಟ್ಟಿಲ ಮೇಲಿಂದ ಒದ್ದು, “ಅತ್ತೆ, ಅದರ ಹಿಂದೇನೇ ಹೊರಡಿ” ಎಂದ. ಇಬ್ಬರೂ ಬಾಗಿಲಾಚೆ ಹೋದರೂ ಮಗು ಸುಧಾರಿಸಲಿಲ್ಲ. ಈ ಬೆಳಿಗ್ಗೆ ಪ್ರಜ್ಞೆ ತಪ್ಪಿ ಬಿದ್ದವಳನ್ನು ಆಸ್ಪತ್ರೆಗೆ ಸೇರಿಸಿ, ಅವಳ ಎಳೆಗೈಗೆ ಸೂಜಿ ಚುಚ್ಚಿದ್ದನ್ನು ನೋಡಿ, ಅಲ್ಲಿಂದ ನೇರ ಬೇಕರಿಗೆ ಬಂದಿದ್ದ. ಉಳಿದವನು ಅಣ್ಣ ಒಬ್ಬನೇ.

“ರೀ! ಬಿಡ್ರೀ ಅವರನ್ನ!”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ತಿಳಿದು ಆಸ್ಪತ್ರೆಗೆ ಬಂದ ತಾಯಿಯನ್ನು ಮಗುವಿನ ಬಳಿ ಕೂರಿಸಿ ಓಡಿ ಬಂದಿದ್ದಳು. ಇಬ್ಬರೂ ಬಿಡದಿದ್ದಾಗ ಮೂಲೆಯಲ್ಲಿದ್ದ ನೀರಿನ ಬಕೆಟ್ಟು ಎತ್ತಿ ಸುರಿದಳು. ಮೈದಾ, ನೀರು, ರಕ್ತ ಸೇರಿ ಅಣ್ಣತಮ್ಮಂದಿರು ತಾವೇ ಕಣಕವಾದರು.

“ಊರೋರ ಮೂಳೆ ಮುರಿದಿದ್ದು ಸಾಕು. ಆ ಬ್ರೆಡ್ಡು ಹೆಂಗೆ ಮಾಡ್ತೀರೋ ನನ್ನ ಕಣ್ಮುಂದೆ ಮಾಡಿ. ಮೊದಲಿಂದ ಕೊನೇವರೆಗೂ.”

“ನನ್ನ ಮೇಲೇ ಅನುಮಾನನಾ?”

“‘ನನ್ನ ಮೇಲೇ ಅನುಮಾನನಾ?’” ಎಂದು ಅವಳು ಗಂಡನ ದನಿಯನ್ನೇ, ಮೂಗಿನ ಹೊಳ್ಳೆ ಅರಳಿಸುವುದರ ಸಮೇತ, ಆಡಿ ತೋರಿಸಿದಳು. “ಮೈ ತೊಳ್ಕೊಂಡು ಬಂದು ಶುರು ಮಾಡಿ.”

ಅವನು ಮೈಕೈ ತೊಳೆದು ಬಟ್ಟೆ ಬದಲಿಸಿ ಹಿಂದಿನ ಕೋಣೆಗೆ ನಡೆದ. ಬನ್ನಿಗೆಂದೇ ತೆಗೆದಿಟ್ಟ ಹಲಗೆ, ಬನ್ನಿಗೆಂದೇ ಕೊಂಡ ಅಚ್ಚು. ಎಲ್ಲವನ್ನೂ ಬಿಸಿನೀರಿನಲ್ಲಿ ಉಜ್ಜಿದ. ಮುಚ್ಚಳ ಬಿಗಿದ ಡಬ್ಬಿಯಿಂದ ಅಕ್ಕಿ ಹಿಟ್ಟು ತೆಗೆದ. ಹೊಟ್ಟು ನೆನೆಸಿದ, ಯೀಸ್ಟು ಸುರಿದ, ಕಲಸಿದ. ಹೆಂಡತಿ ರೆಪ್ಪೆ ಮಿಟುಕಿಸಲಿಲ್ಲ. ಅಣ್ಣ ಬಾಯಿಗೆ ಬಟ್ಟೆ ಒತ್ತಿಕೊಂಡು ಬಾಗಿಲಿಗೆ ಒರಗಿ ನಿಂತ.

ಕಣಕ ಬೆರಳಿಗೆ ಅಂಟಿತು. ಅಂಟಿದ ಕೂಡಲೇ ಅವನ ಬಲಗೈ ಪಕ್ಕದ ಮೇಜಿನ ಬಟ್ಟಲಿಗೆ ಹೋಗಿ, ಚಿಟಿಕೆಗಿಂತ ದೊಡ್ಡದಾಗಿ ಬಾಚಿ, ಹಲಗೆಯ ಮೇಲೆ ಸರ್‍ರನೆ ಉದುರಿಸಿ, ಏನೂ ಆಗದವರ ಹಾಗೆ ಕೆಲಸಕ್ಕೆ ಮರಳಿತು.

“ಅದೇನು?”

“ಯಾವುದು?”

“ಈಗ ಉದುರಿಸಿದ್ರಲ್ಲ, ಅದು.”

“ನಾನೇನು ಉದುರಿಸಿದೆ? ಏನೂ ಇಲ್ಲ.”

“ಆ ಬಟ್ಟಲಲ್ಲೇನಿದೆ ರೀ?”

ಅವನು ಬಟ್ಟಲು ನೋಡಿದ. ಮೈದಾ. ಕಣಕ ಅಂಟದಿರಲಿ ಎಂದು ಉದುರಿಸುವ ಮೈದಾ. ಅದಿಲ್ಲದ ಮೇಜು ಲೋಕದ ಯಾವ ಬೇಕರಿಯಲ್ಲೂ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಗುರು ಕಲಿಸಿದ್ದೇ ಅದನ್ನು. ಅಂದಿನಿಂದ ಅದು ಕೈಗೆ ಉಸಿರಾಟವಿದ್ದ ಹಾಗೆ. ಉಸಿರು ಬಿಟ್ಟದ್ದನ್ನು ಯಾರು ಗಮನಿಸುತ್ತಾರೆ?

“ಥಿಕ್ಕಿಬಿದ್ದ ಕಳ್ಳ,” ಎಂದು ಅಣ್ಣ ನಗಲು ಹೋಗಿ ರಕ್ತ ಉಗುಳಿದ.

ತಮ್ಮ ನಗಲಿಲ್ಲ. ಬೆಳ್ಳಗಾದ ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡಿದ. ದರ್ಜಿಯನ್ನು ನೋಡಿದ್ದು ಹೀಗೆಯೇ, ಅಣ್ಣನನ್ನು ನೋಡಿದ್ದೂ ಹೀಗೆಯೇ. ಸಿಕ್ಕಿಬಿದ್ದವರಿಗೆ ವಿನಾಯಿತಿ ಕೊಡುವ ಜಾಯಮಾನ ಅವನದಲ್ಲ.

“ರೀ, ಬೇಡ...”

ಅವನು ಭಟ್ಟಿಯ ಬಳಿ ಹೋಗಿ ನಾಲ್ಕು ಬೆರಳನ್ನೂ ಚೌಕಟ್ಟಿಗೆ ಇಟ್ಟು, ಎಡಗೈಯಿಂದ ಕಬ್ಬಿಣದ ಬಾಗಿಲನ್ನು ದಢಾರನೆ ಮುಚ್ಚಿದ. ಮೂಳೆ ನುಜ್ಜಾಯಿತು, ಚರ್ಮ ಚುರ್ರೆಂದಿತು. ಕಿರುಚಿದ್ದು ಅಣ್ಣ. ತಮ್ಮ ಹಲ್ಲು ಕಚ್ಚಿಕೊಂಡು ಬಾಗಿಲು ತೆರೆದು, ಇನ್ನೊಮ್ಮೆ ಬಡಿಯಲು ಹೋದ. ಹೆಂಡತಿ ಅವನ ಎಡತೋಳಿಗೆ ಜೋತುಬಿದ್ದು ಕಚ್ಚಿದಳು, ಅಣ್ಣ ಸೊಂಟ ಹಿಡಿದು ಎಳೆದ. ಮೂವರೂ ನೆಲಕ್ಕೆ ಬಿದ್ದರು.

“ಥಾಕೋ! ಥಾಯ್ತೀಯಾ!” ಎಂದು ಅಣ್ಣ ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡು ಬೊಬ್ಬೆಯಿಟ್ಟ.

ತಂದೆ ಮಗಳು ಒಂದೇ ಆಸ್ಪತ್ರೆಯಲ್ಲಿ ಮಲಗಿದರು, ಒಂದೇ ದಿನ ಮನೆಗೆ ಬಂದರು. ಅಣ್ಣ ಹಲ್ಲು ಕಟ್ಟಿಸಿಕೊಂಡು ತಮ್ಮನ ಜೊತೆ ಮಾತು ಬಿಟ್ಟ. ಆದರೆ ಬೇಕರಿಯ ಹಳೆಯ ಚಿಕ್ಕ ಓವನ್ನನ್ನು ಉಜ್ಜಿಸಿ ತೊಳೆಸಿ ತಮ್ಮನ ಅಡುಗೆಮನೆಗೆ ಕಳಿಸಿಕೊಟ್ಟ.

ತಮ್ಮ ಎಡಗೈಯಲ್ಲಿ ಕಲಸಿದ. ಎಡಗೈ ಶುದ್ಧ ಪೆದ್ದು, ಯಾವ ಗುರುವಿನ ಬಳಿಯೂ ಏನೂ ಕಲಿತದ್ದಲ್ಲ. ಅಂಟಿದರೆ ಅಂಟಿಕೊಂಡೇ ನಿಲ್ಲುತ್ತಿತ್ತು. “ನೀರು ಹಚ್ಕೊಳ್ಳಿ” ಎಂದು ಹೆಂಡತಿ ಹೇಳಿದರೆ ಹಚ್ಚಿಕೊಳ್ಳುತ್ತಿತ್ತು. ಬ್ರೆಡ್ಡು ಸೊಟ್ಟಗೆ ಬಂತು. ಬನ್ನಿ ತಿಂದಳು. ವಾಂತಿಯಾಗಲಿಲ್ಲ. ಮರುದಿನವೂ ತಿಂದಳು. ವಾರಗಳು ಕಳೆದಂತೆ ಹೊಟ್ಟೆ ಇಳಿದು ಕೆನ್ನೆ ಏರಿತು.

ಬಲಗೈಯ ಕಟ್ಟು ಬಿಚ್ಚಿಸಿಕೊಂಡು ಬಂದ ಸಂಜೆ ಅವನು ಹೆಂಡತಿಗೆ ಬೆನ್ನು ಮಾಡಿ ನಿಂತ. ಸೊಟ್ಟ ಬೆರಳುಗಳ ಕೈ ಬೆನ್ನ ಹಿಂದಿತ್ತು.

“ಕಟ್ಟು.”

“ಈ ಮನೇಲಿ ಮೈದಾ ಎಲ್ಲಿದೆ ರೀ?”

“ಎಲ್ಲಿದೆ ಅಂತ ಅದಕ್ಕೆ ಗೊತ್ತಿರುತ್ತೆ. ಕಟ್ಟು.”

ಅವಳು ಏಪ್ರನ್ನಿನ ದಾರದಿಂದ ಆ ಕೈಯನ್ನು ಸೊಂಟಕ್ಕೆ ಬಿಗಿದಳು. “ಇನ್ನೂ ಬಿಗಿ” ಎಂದ. ರಕ್ತ ಕಟ್ಟಿ ಬೆರಳು ಕಪ್ಪಿಡುವವರೆಗೆ ಬಿಗಿದಳು.

“ಅಮ್ಮಾ, ಅಪ್ಪ ಕಳ್ಳನಾ?” ಎಂದಳು ಬನ್ನಿ.

“ಹೂಂ ಕಣೇ,” ಎಂದವನು ಅವನೇ.

ಎಡಗೈ ಕಣಕಕ್ಕೆ ಇಳಿಯಿತು, ಕಣಕ ಅಂಟಿತು. ಬೆನ್ನ ಹಿಂದೆ ಮುರಿದ ಬೆರಳುಗಳು ಕೂಡಿಕೊಂಡು ಸರ್‍ರನೆ ಉದುರಿಸಿದವು. ಬನ್ನಿ ಓಡಿಬಂದು ಕೆಳಗೆ ಅಂಗೈ ಒಡ್ಡಿದಳು.

“ಖಾಲಿ ಅಪ್ಪಾ!”

“ಸರಿಯಾಗಿ ನೋಡು,” ಎಂದ ಅವನು.