ಎಂಬತ್ತು ಮೀಟರ್ ಪೈಪು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಇಪ್ಪತ್ತಾರು ವರ್ಷ ಊರಿಗೆಲ್ಲ ನೀರು ಬಿಟ್ಟವನಿಗೆ ಅಷ್ಟೂ ಇರಬಾರದೇ?

ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಬೀದಿ ಬೀದಿಯ ವಾಲ್ವು ತಿರುಗಿಸುವುದು ನನ್ನ ಕೆಲಸ. ಒಂದು ಸುತ್ತು ತಿರುಗಿಸಬೇಕು, ಕೀಲಿಗೆ ಕಿವಿ ಹಚ್ಚಿ ಕೇಳಬೇಕು. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು ಗೊಣಗುತ್ತದೆ. ಗೊಣಗಾಟ ಒಂದೇ ಸಮನಾದ ಮೇಲಷ್ಟೇ ಎರಡನೆಯ ಸುತ್ತು. ಅವಸರ ಮಾಡಿದರೆ ಹಳೆಯ ಪೈಪು ಸಿಡಿಯುತ್ತದೆ. ಇದನ್ನು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲವೆಂದು ಕಾಣುತ್ತದೆ.

ತಗ್ಗಿನ ಬೀದಿಯ ಕೊನೆಯ ಮನೆ ನನ್ನ ಅಕ್ಕನದು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಒಂದು ಕಾಲು ಸ್ವಾಧೀನವಿಲ್ಲ. ಹಿಂದಿನ ಕೋಣೆಯಲ್ಲಿ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಆ ಕೋಣೆಯ ಗೋಡೆಗೆ ಒತ್ತಿಕೊಂಡೇ ಬೀದಿಯ ದೊಡ್ಡ ಪೈಪು ಹೋಗುತ್ತದೆ. ಒಂದು ಜಾಯಿಂಟು ಸೋರಿ ಸೋರಿ ಗೋಡೆ ಮೊಣಕಾಲೆತ್ತರ ಒದ್ದೆಯಾಗಿತ್ತು. ನಾನೇ ಒಂದು ಭಾನುವಾರ ರಬ್ಬರ್ ಸುತ್ತಿ, ಮೇಲೆ ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸಿದ್ದೆ.

"ಈ ಪಟ್ಟಿ ನಂಬ್ಕೊಂಡು ಎಷ್ಟು ದಿನ ಇರ್ಲೋ?" ಎಂದು ಅಕ್ಕ ಕೇಳಿದ್ದಳು.

"ಎಂಬತ್ತು ಮೀಟರ್ ಪೈಪು ಬದಲಾಯಿಸಿದ್ರೆ ಆಯ್ತು. ನಾನು ಮಾಡಿಸ್ತೀನಿ ಅಕ್ಕಾ."

ಮೂರು ಅರ್ಜಿ ಕೊಟ್ಟೆ. ನಮ್ಮ ಇಂಜಿನಿಯರನಿಗೆ ನಾವು ಇಸ್ತ್ರಿ ಸಾಹೇಬ ಎನ್ನುತ್ತೇವೆ. ಗುಂಡಿ ತೋಡುವ ಜಾಗದಲ್ಲೂ ಅವನ ಅಂಗಿ ಮುದುರುವುದಿಲ್ಲ. ಮೂರನೆಯ ಅರ್ಜಿಯನ್ನು ಅವನು ಓದಲೂ ಇಲ್ಲ.

"ನೋಡಪ್ಪಾ, ಹಳೇ ಪೈಪು ಅಂದ್ರೆ ರಿಪೇರಿ. ರಿಪೇರಿಗೆ ದುಡ್ಡಿಲ್ಲ. ಹೊಸದಾಗಿ ಕಟ್ಟೋದಿದ್ರೆ ಹೇಳು, ಕೋಟಿಗಟ್ಟಲೆ ಬಂದಿದೆ."

"ಒಡೆಯದ ಹಾಗೆ ನೋಡ್ಕೊಳ್ಳೋಕೆ ದುಡ್ಡಿಲ್ವಾ ಸಾರ್?"

"ಒಡೆಯದೇ ಇರೋದನ್ನ ಯಾರು ಬಂದು ಉದ್ಘಾಟನೆ ಮಾಡ್ತಾರೆ?" ಎಂದು ತಾನೇ ನಕ್ಕ.

ಆ ಕೋಟಿಗಳಲ್ಲಿ ಹೊಸ ಟ್ಯಾಂಕು ಎದ್ದಿತು. ಹಳೆಯದರ ಎರಡರಷ್ಟು ಎತ್ತರ, ನೀಲಿ ಬಣ್ಣ, ಪಕ್ಕದಲ್ಲೊಂದು ಸಮುದಾಯ ಭವನ. ಅಷ್ಟೆತ್ತರದಿಂದ ಇಳಿಯುವ ನೀರು ಯಾವ ಪೈಪಿನಲ್ಲಿ ಹೋಗಬೇಕು? ಅದೇ ನಮ್ಮಪ್ಪನ ಕಾಲದ ಪೈಪಿನಲ್ಲಿ. ಇದನ್ನು ಕಂಡಕಂಡವರಿಗೆಲ್ಲ ಹೇಳಿದೆ. ಒಬ್ಬನಾದರೂ ಕಿವಿಗೆ ಹಾಕಿಕೊಂಡನೇ?

ಉದ್ಘಾಟನೆಯ ದಿನ ನಾಲ್ಕು ರಸ್ತೆ ಕೂಡುವಲ್ಲಿ ವೇದಿಕೆ ಹಾಕಿ, ಅದರ ಮೇಲೆ ಫಳಫಳ ಹೊಳೆಯುವ ನಲ್ಲಿ ನಿಲ್ಲಿಸಿದ್ದರು. ಮಂತ್ರಿ ಬಂದು ಅದನ್ನು ತಿರುಗಿಸಬೇಕು. ನಾನು ದೂರದಲ್ಲಿ, ಟ್ಯಾಂಕಿನ ಬುಡದ ವಾಲ್ವಿನ ಹತ್ತಿರ, ಫೋನ್ ಹಿಡಿದು ನಿಂತಿದ್ದೆ. ಒಂದು ಸುತ್ತು ಬಿಟ್ಟು ಕಿವಿ ಹಚ್ಚಿದೆ. ಬರೀ ಗಾಳಿ. ಅಷ್ಟರಲ್ಲಿ ಫೋನಿನಲ್ಲಿ ಇಸ್ತ್ರಿ ಸಾಹೇಬ ಕಿರುಚಿದ.

"ಏನಯ್ಯಾ, ಮಂತ್ರಿಗಳು ಕಾಯ್ತಿದ್ದಾರೆ, ನಲ್ಲಿ ಕೆಮ್ತಾ ಇದೆ! ಪೂರ್ತಿ ಬಿಡು!"

"ಗಾಳಿ ಹೋಗ್ಲಿ ಸಾರ್, ಹತ್ತು ನಿಮಿಷ. ಪೈಪು ಹಳೇದು."

"ನಿನ್ನ ಕೆಲ್ಸ ತಿರುಗ್ಸೋದು, ಯೋಚ್ನೆ ಮಾಡೋದಲ್ಲ. ಬಿಡಯ್ಯಾ!"

ಮೈಯೆಲ್ಲ ಉರಿದುಹೋಯಿತು. ವೇದಿಕೆಯ ಕೆಳಗೇ ಒಂದು ಜಾಯಿಂಟಿದೆ; ತುಕ್ಕು ತಿಂದು ಸೋರುವುದು, ಯಾರೂ ಮುಟ್ಟಿದ್ದಿಲ್ಲ. ಒಡೆಯಲಿ, ಎಲ್ಲರ ಮುಖಕ್ಕೂ ಕೆಸರು ಚಿಮ್ಮಲಿ, ಆ ಇಸ್ತ್ರಿಯ ಅಂಗಿ ನಾನೂ ಒಮ್ಮೆ ನೋಡುತ್ತೇನೆ ಎಂದುಕೊಂಡೆ. ಅಕ್ಕನ ಮನೆ ನೆನಪಾಗಲಿಲ್ಲವೇ ಎಂದರೆ, ಆಯಿತು. ಅಲ್ಲಿ ನನ್ನ ಪಟ್ಟಿ ಇದೆ, ಊರೆಲ್ಲ ಒಡೆದರೂ ಅದು ಜಗ್ಗುವುದಿಲ್ಲ ಎಂಬ ಜಂಬ ನನಗೆ. ಕಿವಿ ಹಚ್ಚಲಿಲ್ಲ. ಹಲ್ಲು ಕಚ್ಚಿ ಅಷ್ಟೂ ಸುತ್ತು ತಿರುಗಿಸಿಬಿಟ್ಟೆ.

ಫೋನಿನಲ್ಲಿ ಚಪ್ಪಾಳೆ ಕೇಳಿಸಿತು. ವೇದಿಕೆಗೆ ಏನೂ ಆಗಲಿಲ್ಲ. ಆಮೇಲೆ ತಗ್ಗಿನ ಬೀದಿಯ ಕಡೆಯಿಂದ ದಡಾರೆಂದು ಸದ್ದಾಯಿತು.

ವಾಲ್ವು ಮುಚ್ಚಿ ಓಡಿದೆ. ನನ್ನ ಪಟ್ಟಿ ಕೂದಲೆಳೆಯಷ್ಟೂ ಜಗ್ಗಿರಲಿಲ್ಲ. ಅದರಿಂದ ಎರಡು ಗೇಣು ಆಚೆ ಪೈಪೇ ಸೀಳಿಹೋಗಿತ್ತು. ನೆನೆದ ಗೋಡೆ ಒಳಗಡೆಗೆ ಮಗುಚಿತ್ತು. ಬೀದಿಗೆ ಬೀದಿಯೇ ಮಂತ್ರಿಯನ್ನು ನೋಡಲು ಹೋಗಿತ್ತು. ಮನೆಯಲ್ಲಿದ್ದವಳು ನಡೆಯಲಾರದ ನನ್ನ ಅಕ್ಕ ಒಬ್ಬಳೇ. ಇಟ್ಟಿಗೆ ಎತ್ತಿ ಎಸೆದು ಅವಳನ್ನು ಎಳೆದುಕೊಂಡೆ. ಬಲಗೈ ಯಂತ್ರದ ಅಡಿ ಸಿಕ್ಕಿ ಜಜ್ಜಿಹೋಗಿತ್ತು. ಆ ಬೆರಳುಗಳು ಇನ್ನು ಏನನ್ನೂ ಹಿಡಿಯಲಾರವು ಎಂದರು ಡಾಕ್ಟರು.

ಮೂರನೆಯ ದಿನ ಇಸ್ತ್ರಿ ಸಾಹೇಬ ಆಸ್ಪತ್ರೆಗೆ ಬಂದ. ಕೈಯಲ್ಲಿ ವರದಿ, ಮುಖದಲ್ಲಿ ಇಲ್ಲದ ಕನಿಕರ.

"ಪೈಪು ತೀರಾ ಹಳೇದಾಗಿ ತಾನಾಗೇ ಸೀಳಿದೆ ಅಂತ ಬರ್ದಿದ್ದೀನಿ. ಒಡೆದ್ಮೇಲೆ ಅದು ರಿಪೇರಿ ಅಲ್ಲ, ಹೊಸ ಕಾಮಗಾರಿ. ನೀನು ಕೇಳಿದ ಎಂಬತ್ತು ಮೀಟರೂ ಮಂಜೂರಾಗುತ್ತೆ. ಇಲ್ಲೊಂದು ಸಹಿ ಹಾಕು."

ಥೂ! ಒಡೆಯುವ ಮುಂಚೆ ಇಲ್ಲದ ದುಡ್ಡು ಈಗೆಲ್ಲಿಂದ ಉದುರಿತು? ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಸುಳ್ಳು ಸಾರ್. ಒಡೀಲಿ ಅಂತ್ಲೇ ಪೂರ್ತಿ ಬಿಟ್ಟೆ. ನಿಮ್ಮ ವೇದಿಕೆ ಹಾಳಾಗ್ಲಿ ಅಂತ."

ಅವನು ಗಾಬರಿಯಾಗಿ ಬಾಗಿಲು ಮುಚ್ಚಿದ. "ಬುದ್ಧಿ ನೆಟ್ಟಗಿದೆಯಾ? ಹಾಗೆ ಬರೆದ್ರೆ ತಪ್ಪು ನಿಂದಾಗುತ್ತೆ, ಪೈಪಿಂದಲ್ಲ. ಆಮೇಲೆ ಒಂದು ಮೀಟರೂ ಸಿಗಲ್ಲ."

ಮಂಚದ ಮೇಲಿದ್ದ ಅಕ್ಕ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

"ಅವನಿಗೆ ಪೆನ್ನು ಕೊಡಿ," ಎಂದಳು.

"ಅಕ್ಕಾ..."

"ಸಹಿ ಹಾಕೋ. ಬೀದೀಲಿ ಇನ್ನೂ ಹನ್ನೊಂದು ಮನೆ ಇವೆ. ಅವ್ರ ಗೋಡೆನೂ ಬೀಳ್ಬೇಕಾ? ಹಾಕಿ ಎದ್ದು ಹೋಗು. ನಾನಾಗಿ ಕರೆಯೋವರೆಗೂ ನನಗೆ ಮುಖ ತೋರಿಸ್ಬೇಡ."

ಸಹಿ ಹಾಕಿದೆ. ಹೊಸ ಪೈಪು ಹಾಕಿ ನಾಲ್ಕು ತಿಂಗಳಾಯಿತು. ದಿನವೂ ಬೆಳಿಗ್ಗೆ ಆ ಬೀದಿಗೆ ನೀರು ಬಿಡುತ್ತೇನೆ, ಕೊನೆಯ ಮನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಕ್ಕ ಇನ್ನೂ ಕರೆದಿಲ್ಲ.